‘ಎಷ್ಟು’ ಬಂದರೆ ಫಾರ್, ‘ಯಾವಾಗ’ ಬಂದರೆ ಸಿನ್ಸ್

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’ ಸ್ಪೋಕನ್ ಇಂಗ್ಲಿಷ್ ಕಲಿಸುವ ನನ್ನ ಕಿವಿಗೆ ಈ ವಾಕ್ಯ ಪ್ರತಿ ಬ್ಯಾಚ್‌ನಲ್ಲೂ ಬೀಳುತ್ತದೆ. ತಪ್ಪಿನ ಮೂಲ ಕನ್ನಡದ ‘ಇಂದ’ದಲ್ಲಿದೆ. ‘ಐದು ವರ್ಷದಿಂದ’ ಅಂದರೂ ‘2019ರಿಂದ’ ಅಂದರೂ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಫಾರ್, ಎರಡನೆಯದಕ್ಕೆ ಸಿನ್ಸ್.

‘ಪಾಯಿಂಟ್ ಆಫ್ ಟೈಮ್’ (ಶುರುವಾದ ಹೊತ್ತು), ‘ಪೀರಿಯಡ್ ಆಫ್ ಟೈಮ್’ (ನಡೆದ ಅವಧಿ) ಎಂದು ಬರೆಸುವುದನ್ನು ಬಿಟ್ಟಿದ್ದೇನೆ. ಅದು ಬಾಯಿಪಾಠವಾಗುತ್ತದೆ, ಮಾತಾಡುವಾಗ ಒದಗುವುದಿಲ್ಲ. ಬದಲಿಗೆ ಕನ್ನಡದಲ್ಲೇ ಪ್ರಶ್ನೆ ಹಾಕಿಸುತ್ತೇನೆ. ‘ಎಷ್ಟು ದಿನದಿಂದ?’ ಎಂಬುದಕ್ಕೆ ಉತ್ತರವಾದರೆ ಫಾರ್, ‘ಯಾವಾಗಿನಿಂದ?’ ಎಂಬುದಕ್ಕಾದರೆ ಸಿನ್ಸ್. ಆಗಲೂ ಅನುಮಾನವಿದ್ದರೆ ‘ಇಂದ’ ತೆಗೆದು ‘ಆಯ್ತು’ ಸೇರಿಸಿ ನೋಡಿ. ‘ಬಂದು ಐದು ವರ್ಷ ಆಯ್ತು’ ಸರಿಯಾಗಿದೆ, ಹಾಗಾಗಿ ಫಾರ್. ‘ಬಂದು ಸೋಮವಾರ ಆಯ್ತು’ ಅಂತ ಯಾರೂ ಹೇಳುವುದಿಲ್ಲ, ಅಲ್ಲಿ ಸಿನ್ಸ್.

ಹೆಚ್ಚು ಜನ ಎಡವುವುದು ‘ವಾರ’ದ ಹತ್ತಿರ. ‘ಹೋದ ವಾರದಿಂದ ಜ್ವರ’ ಎಂದರೆ ‘ಸಿನ್ಸ್ ಲಾಸ್ಟ್ ವೀಕ್’. ‘ಕಳೆದ ಒಂದು ವಾರದಿಂದ ಜ್ವರ’ ಎಂದರೆ ‘ಫಾರ್ ದ ಲಾಸ್ಟ್ ವೀಕ್’. ಹೋದ ವಾರ ಕ್ಯಾಲೆಂಡರಿನಲ್ಲಿ ಮುಗಿದುಹೋದ ವಾರ. ಕಳೆದ ಒಂದು ವಾರ ಇವತ್ತಿನಿಂದ ಹಿಂದಕ್ಕೆ ಎಣಿಸಿದ ಏಳು ದಿನ. ಆ ಪುಟ್ಟ ‘ದ’ವನ್ನು ನುಂಗಬೇಡಿ. ‘ಬಹಳ ದಿನದಿಂದ’ ಎನ್ನಲು ನಮ್ಮ ಆಫೀಸುಗಳಲ್ಲಿ ಓಡಾಡುವ ‘ಸಿನ್ಸ್ ಲಾಂಗ್’ ಬದಲು ‘ಫಾರ್ ಎ ಲಾಂಗ್ ಟೈಮ್’ ಎನ್ನಿ.

ಪದ ಸರಿಹೋದ ಮೇಲೂ ಕ್ರಿಯಾಪದ ಕೈಕೊಡುತ್ತದೆ. ‘ಮಾಡ್ತಾ ಇದ್ದೀನಿ’ ನೇರವಾಗಿ ‘ಆಮ್ ವರ್ಕಿಂಗ್’ ಆಗಿಬಿಡುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ‘ಗೊತ್ತು’ ಎಂಬಂಥ ಸ್ಥಿತಿಗೆ ‘ಇಂಗ್’ ಸೇರದು: ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್.’

ಕೆಲಸ ಮುಗಿದಿದ್ದರೆ ಕನ್ನಡದಲ್ಲೇ ‘ಇಂದ’ ಬಿದ್ದುಹೋಗುತ್ತದೆ: ‘ಅಲ್ಲಿ ಐದು ವರ್ಷ ಕೆಲಸ ಮಾಡಿದೆ.’ ಇಂಗ್ಲಿಷಿನಲ್ಲಿ ಫಾರ್ ಉಳಿಯುತ್ತದೆ, ಕ್ರಿಯಾಪದ ಮಾತ್ರ ಬರೀ ‘ವರ್ಕ್ಡ್’. ‘ನಾಳೆಯಿಂದ ರಜೆ’ ಎನ್ನುವಾಗ ಸಿನ್ಸ್ ಸಲ್ಲದು, ‘ಫ್ರಮ್ ಟುಮಾರೋ’ ಎನ್ನಬೇಕು. ಸಿನ್ಸ್‌ಗೆ ‘ಏಕೆಂದರೆ’, ‘ಕಾರಣ’ ಎಂಬ ಅರ್ಥವೂ ಇದೆ. ಅದನ್ನು ಇದರ ಜೊತೆ ಕಲಿಸುವುದಿಲ್ಲ, ಗೊಂದಲವಾಗುತ್ತದೆ.

ಕೊನೆಗೆ ಒಂದೇ ಸಂಗತಿಯನ್ನು ಎರಡೂ ರೀತಿ ಹೇಳಿಸುತ್ತೇನೆ. ಬಸ್ಸಿಗೆ ಕಾಯಲು ನಿಂತದ್ದು ಹತ್ತಕ್ಕೆ, ಈಗ ಹನ್ನೊಂದು: ‘ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಟೆನ್’, ‘ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಆನ್ ಅವರ್’. ದಿನಕ್ಕೆ ಇಂಥ ಹತ್ತು ಜೋಡಿ, ಬರೆಯದೆ, ಬಾಯಲ್ಲೇ.