‘ಸ್ವಲ್ಪದರಲ್ಲೇ ತಪ್ಪಿತು’ ಪುಸ್ತಕ

ನಮ್ಮ ಶಾಲೆಯ ಲ್ಯಾಬಿನ ಬಾಗಿಲ ಪಕ್ಕ ಮೊಳೆ ಹೊಡೆದು ಒಂದು ನೋಟ್‌ಪುಸ್ತಕ ನೇತುಹಾಕಿದ್ದೇನೆ. ಜೊತೆಗೆ ದಾರ ಕಟ್ಟಿದ ಪೆನ್ಸಿಲ್. ಪುಸ್ತಕದ ಹೆಸರು ‘ಸ್ವಲ್ಪದರಲ್ಲೇ ತಪ್ಪಿತು’. ಲ್ಯಾಬಿನಲ್ಲಿ ಆದ ತಪ್ಪು, ಸ್ವಲ್ಪದರಲ್ಲೇ ತಪ್ಪಿದ ಅಪಾಯ, ಎಲ್ಲವನ್ನೂ ಮಕ್ಕಳೇ ಅದರಲ್ಲಿ ಬರೆಯುತ್ತಾರೆ. ಇದು ನಾಲ್ಕನೇ ವರ್ಷ. ಮೂರು ಪುಸ್ತಕ ತುಂಬಿವೆ. ಶುರು ಮಾಡಿದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. “ತಮ್ಮ ತಪ್ಪು ತಾವೇ ಬರೀತಾರಾ ಮೇಡಂ, ಯಾವ ಕಾಲದಲ್ಲಿದ್ದೀರಿ?” ಎಂದರು ಒಬ್ಬರು. “ಬರೆದರೆ ಅದು ನಮ್ಮ ತಲೆಗೇ ಬರುತ್ತೆ” ಎಂದರು ಇನ್ನೊಬ್ಬರು. ಈಗ ಅವರಿಬ್ಬರ ಲ್ಯಾಬಿನಲ್ಲೂ ಅಂಥದೇ ಪುಸ್ತಕ ನೇತಾಡುತ್ತಿದೆ. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಅದಕ್ಕೂ ಮೊದಲು ನಾನೂ ಎಲ್ಲರಂತೆ ಬೋರ್ಡ್ ಬರೆಸಿದ್ದೆ. ಇಪ್ಪತ್ತೆರಡು ನಿಯಮ, ಕೆಂಪು ಅಕ್ಷರ. ಆ ಪೇಂಟಿಂಗಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ಕ್ಲಾಸಿಗೆ ಗಾಗಲ್ಸ್ ಬರುತ್ತಿತ್ತು. ಮಕ್ಕಳು ಇಪ್ಪತ್ತೆರಡನ್ನೂ ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತಗೊಂಡರು. ಪ್ರಾಕ್ಟಿಕಲ್‌ನಲ್ಲಿ ಮಾತ್ರ ಬೋರ್ಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಪಾಪ, ಟೇಬಲ್ ಇದ್ದದ್ದೇ ಹಾಗೆ.

ಆಮೇಲೆ ಆ ದಿನ ಬಂತು. ಕಾಪರ್ ಸಲ್ಫೇಟ್‌ಗೆ ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡುವ ಪ್ರಯೋಗ. ನೀಲಿ ಗಸಿ ಕಪ್ಪಾಗಬೇಕು. ಈ ಗಸಿ ತಳದಲ್ಲಿ ಕೂತರೆ ಅಡಿಯಲ್ಲಿದ್ದದ್ದು ಒಮ್ಮೆಲೇ ಕುದಿದು ಎಲ್ಲವೂ ಟ್ಯೂಬಿನಿಂದ ಹೊರಗೆ ಎಗರುತ್ತೆ. ಹುಡುಗ ಟೆಸ್ಟ್ ಟ್ಯೂಬನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಿದ್ದ, ಅಲ್ಲಾಡಿಸದೆ ಒಂದೇ ಕಡೆ ಕಾಯಿಸುತ್ತಿದ್ದ. ಪಕ್ಕದ ಟೇಬಲ್ಲಿನ ಹುಡುಗಿ ತನ್ನ ಪ್ರಯೋಗ ಮುಗಿಯಿತೆಂದು ಗಾಗಲ್ಸನ್ನು ಹಣೆಗೇರಿಸಿಕೊಂಡಿದ್ದಳು. ಟ್ಯೂಬಿನಲ್ಲಿದ್ದದ್ದು ಹಾರಿ ಅವಳ ಹುಬ್ಬಿಗೆ, ಕಣ್ಣಿನ ಅಂಚಿಗೆ ಬಿತ್ತು.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಮೂರು ನಿಮಿಷ ತೊಳೆದಿರಬಹುದು, ಅಷ್ಟೇ. ನಲ್ಲಿ ದೂರ, ನೀರು ರಭಸ. ಅವಳು “ಸಾಕು ಮಿಸ್, ಉರಿ ಇಲ್ಲ” ಎಂದಳು, ನಾನೂ ನಿಲ್ಲಿಸಿದೆ. ಡಾಕ್ಟರ್ ಚೆನ್ನಾಗಿ ಬೈದರು. ಕಡಿಮೆ ಎಂದರೂ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕಿತ್ತು, ಕಣ್ಣಿನ ಮಟ್ಟಿಗೆ ಕಾಸ್ಟಿಕ್ ಸೋಡಾದಂಥ ಕ್ಷಾರ ಆಸಿಡ್‌ಗಿಂತ ಕೆಟ್ಟದ್ದು, ಒಳಗಿಳಿಯುತ್ತಲೇ ಹೋಗುತ್ತೆ ಎಂದರು. ಪುಣ್ಯಕ್ಕೆ ಕಣ್ಣಿಗೆ ಏನೂ ಆಗಲಿಲ್ಲ.

ಸಂಜೆ ಇನ್ನೊಬ್ಬ ಹುಡುಗ ಮೆಲ್ಲಗೆ ಬಂದ. “ಮಿಸ್, ನಂದು ಹೋದ ವಾರಾನೇ ಹಾರಿತ್ತು. ಗೋಡೆಗೆ ಬಿತ್ತು.” ಗೋಡೆ ನೋಡಿದೆ. ಕಪ್ಪು ಚುಕ್ಕೆಗಳು ಹಾಗೇ ಇದ್ದವು. ಯಾಕೋ ಹೇಳಲಿಲ್ಲ ಎಂದರೆ, “ಬೈತೀರಾ ಅಂತ.”

ಅವತ್ತು ರಾತ್ರಿಯೇ ಪುಸ್ತಕಕ್ಕೆ ಹೆಸರಿಟ್ಟೆ.

ಮೊದಲ ತಿಂಗಳು ಒಂದು ಸಾಲೂ ಬರಲಿಲ್ಲ. ಎರಡನೇ ತಿಂಗಳು ಬಂತು, ಬರೀ ಚಾಡಿ. ರೋಲ್ ನಂಬರ್ ಹದಿನೇಳು ನನ್ನ ಡ್ರಾಪರ್ ಕಿತ್ಕೊಂಡ, ಇಂಥವು. ಮೂರನೇ ತಿಂಗಳು ಸ್ವಲ್ಪ ದಾರಿಗೆ ಬಂತು ಎನ್ನುವಷ್ಟರಲ್ಲಿ ಮೇಲಿನವರೊಬ್ಬರು ನೋಡಿ, ಇದಕ್ಕೆ ಪೋಷಕರ ಸಹಿ ಹಾಕಿಸಿ ಎಂದರು. ಮುಗೀತು. ಎರಡು ತಿಂಗಳು ಮತ್ತೆ ಖಾಲಿ. ಅವರನ್ನು ಒಪ್ಪಿಸಿ ಸಹಿ ನಿಲ್ಲಿಸಲು ನಾನು ಪಟ್ಟ ಪಾಡು ಬೇರೆಯೇ ಕಥೆ.

ಕೊನೆಗೆ ಉಳಿದದ್ದು ಎರಡೇ ಷರತ್ತು. ಯಾರ ಹೆಸರೂ ಬರೆಯುವಂತಿಲ್ಲ. ಯಾರು ಎಂದು ನಾನು ಕೇಳುವಂತಿಲ್ಲ. ಈ ಸಲ ಮೊದಲ ಸಾಲನ್ನು ನಾನೇ ಬರೆದೆ: “ಪಕ್ಕದಲ್ಲಿ ಒಂದು ಲ್ಯಾಂಪ್ ಉರಿಯುತ್ತಿದ್ದಾಗಲೇ ಇನ್ನೊಂದಕ್ಕೆ ಸ್ಪಿರಿಟ್ ತುಂಬಿದೆ.” ಸುಳ್ಳಲ್ಲ, ನಿಜವಾಗಿ ಮಾಡಿದ್ದೆ. ಸ್ಪಿರಿಟ್‌ನಲ್ಲಿರುವ ಎಥನಾಲ್ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ ಎಂದು ಪಾಠ ಮಾಡುವವಳೂ ನಾನೇ. ಮಕ್ಕಳು ಅದನ್ನು ಓದಿ ಒಬ್ಬರನ್ನೊಬ್ಬರು ಕರೆದು ತೋರಿಸಿದರು. ಆಮೇಲೆ ಪೆನ್ಸಿಲ್ ಓಡಿತು. ಬರೆಯದ ಮಕ್ಕಳಿಂದಲೂ ಬರೆಸುವ ಇನ್ನೊಂದು ಉಪಾಯ ಇದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ, ನಮ್ಮ ಮಕ್ಕಳೂ ಇದನ್ನು ಓದುತ್ತಾರೆ.

ವರ್ಷದ ಕೊನೆಗೆ ಎಣಿಸಿದೆ. ಸುಮಾರು ನೂರ ನಲವತ್ತು ಸಾಲು. ಆಸಿಡ್ ಬಗ್ಗೆ ಇದ್ದದ್ದು ಹತ್ತೋ ಹನ್ನೆರಡೋ! ಆ ವರ್ಷದ ಲ್ಯಾಬ್ ದುಡ್ಡಿನಲ್ಲಿ ಮೂರರಲ್ಲೊಂದು ಪಾಲನ್ನು ನಾನು ಆಸಿಡ್ ಇಡುವ ಬೀರುವಿಗೆ ಸುರಿದಿದ್ದೆ. ಐವತ್ತಕ್ಕೂ ಹೆಚ್ಚು ಸಾಲು ಬಿಸಿ ವಸ್ತು ಮುಟ್ಟಿದ್ದರ ಬಗ್ಗೆ. ಟ್ರೈಪಾಡ್, ತಂತಿಜಾಲಿ, ಆಗ ತಾನೇ ಇಳಿಸಿದ ಬೀಕರ್. ಬಿಸಿ ಗಾಜಿಗೂ ತಣ್ಣನೆ ಗಾಜಿಗೂ ನೋಡಲು ವ್ಯತ್ಯಾಸ ಇಲ್ಲವಲ್ಲ. ಆಮೇಲೆ ಕಾಲಿಗೆ ಸಿಕ್ಕ ಬ್ಯಾಗುಗಳು. ಆಮೇಲೆ ಕಾರ್ಕಿಗೆ ಗಾಜಿನ ಕೊಳವೆ ತುರುಕುವಾಗ ಅಂಗೈಗೆ ಚುಚ್ಚಿದ್ದು, ಚುಚ್ಚುವುದು ತಪ್ಪಿದ್ದು.

ಬ್ಯಾಗುಗಳನ್ನು ಹೊರಗಿಡಿಸಿದೆ, ಖರ್ಚಿಲ್ಲ. ಬಿಸಿ ವಸ್ತುವಿಗೆ ಎರಡು ಸಲ ಸೋತೆ. ಮೊದಲು ‘ಬಿಸಿ’ ಎಂದು ಬರೆದ ಚೀಟಿ ಇಡಿಸಿದೆ. ಒಂದು ಚೀಟಿಯೇ ಹೊತ್ತಿಕೊಂಡಿತು, ಅದೂ ಪುಸ್ತಕಕ್ಕೆ ಹೋಯಿತು. ಆಮೇಲೆ ಇಕ್ಕಳ ತಂದೆ, ಇಕ್ಕಳದಿಂದ ಬೀಕರ್ ಜಾರಿತು. ಕೊನೆಗೆ ಹುಡುಗಿಯೊಬ್ಬಳು ಹೇಳಿದ್ದೇ ಸರಿಹೋಯಿತು. ಪ್ರತಿ ಟೇಬಲ್ಲಿಗೂ ಒಂದು ಒಡಕು ಟೈಲ್ಸ್, ಅದರ ಅಂಚಿಗೆ ಕೆಂಪು ಬಣ್ಣ. ಅದರ ಮೇಲಿದ್ದದ್ದೆಲ್ಲ ಬಿಸಿ, ಅಷ್ಟೇ. ಎತ್ತುವ ಮೊದಲು ಕೈಯ ಹಿಂಭಾಗವನ್ನು ಹತ್ತಿರ ಹಿಡಿದು ನೋಡಬೇಕು. ಮುಂದಿನ ವರ್ಷ ಐವತ್ತು ಇದ್ದದ್ದು ಹದಿನೈದಕ್ಕೆ ಇಳಿಯಿತು.

ಕೊಳವೆ ತುರುಕುವ ಕೆಲಸವನ್ನು ಮಕ್ಕಳ ಕೈಯಿಂದ ತೆಗೆದೇಬಿಟ್ಟೆ. ಅಂಚನ್ನು ಉರಿಯಲ್ಲಿ ಕಾಯಿಸಿ ನುಣುಪು ಮಾಡಿ, ಗ್ಲಿಸರಿನ್ ಹಚ್ಚಿ, ಬಟ್ಟೆ ಸುತ್ತಿ ನಾನೇ ಕೂರಿಸಿಡುತ್ತೇನೆ. ಮಕ್ಕಳು ಕಲಿಯೋದು ಯಾವಾಗ ಎಂದು ಕೇಳುವವರಿದ್ದಾರೆ. ಅಂಗೈಗೆ ಹೊಲಿಗೆ ಹಾಕಿಸಿಕೊಂಡು ಕಲಿಯುವಂಥದ್ದೇನೂ ಅದರಲ್ಲಿಲ್ಲ.

ಗಾಗಲ್ಸ್‌ಗೆ ಎರಡು ಸಲ ದುಡ್ಡು ಹಾಳು ಮಾಡಿದೆ. ಮೊದಲು ತಂದ ಅಗ್ಗದವುಗಳ ಎಲಾಸ್ಟಿಕ್ ಅರ್ಧ ವರ್ಷಕ್ಕೇ ಸಡಿಲ. ಎರಡನೆಯವು ಗಟ್ಟಿ, ಆದರೆ ಮಂಜು ಹಿಡಿದು ಏನೂ ಕಾಣದು, ಮಕ್ಕಳು ಕಿತ್ತು ಹಣೆಗೇರಿಸುತ್ತಿದ್ದರು. ಮೂರನೇ ಸಲ ಪಕ್ಕದಲ್ಲಿ ಗಾಳಿ ಕಿಂಡಿ ಇರುವುದನ್ನು, ಅದೂ ದ್ರವ ನೇರ ಒಳಗೆ ಬೀಳದಂತೆ ಮುಚ್ಚಿರುವುದನ್ನು ತಂದೆ. ಒಟ್ಟು ಖರ್ಚು ನಾವು ಒಂದು ವರ್ಷದಲ್ಲಿ ಒಡೆಯುತ್ತಿದ್ದ ಗಾಜಿನ ಸಾಮಾನಿನ ಬೆಲೆಯಷ್ಟೇ. ಈಗಿನ ಪದ್ಧತಿ: ಕೊನೆಯ ಬರ್ನರ್ ಆರುವವರೆಗೂ ಯಾರೂ ಗಾಗಲ್ಸ್ ತೆಗೆಯುವಂತಿಲ್ಲ. ಪಾತ್ರೆ ತೊಳೆಯುವವರೂ ಅಷ್ಟೇ.

ಕಣ್ಣು ತೊಳೆಯಲೆಂದು ನಲ್ಲಿಗೆ ಎರಡಡಿ ರಬ್ಬರ್ ಟ್ಯೂಬ್ ಸಿಕ್ಕಿಸಿಟ್ಟಿದ್ದೇನೆ, ನೀರು ಮೆಲ್ಲಗೆ ಬರುವಷ್ಟು ತಿರುಗಿಸಿ ಗುರುತು ಹಾಕಿದ್ದೇನೆ. ವರ್ಷದ ಮೊದಲ ಪ್ರಾಕ್ಟಿಕಲ್‌ನಲ್ಲಿ ಗಡಿಯಾರ ನೋಡುತ್ತಾ ಹದಿನೈದು ನಿಮಿಷ ಸುಮ್ನೆ ನಿಲ್ಲಿಸುತ್ತೇನೆ. ಅದೆಷ್ಟು ಉದ್ದ ಎಂದು ಗೊತ್ತಾಗಲಿ ಅಂತ. ಐದನೇ ನಿಮಿಷಕ್ಕೇ ಗೊಣಗಾಟ ಶುರುವಾಗುತ್ತೆ.

ದುಡ್ಡು ಉಳಿಸಲು ಹೋಗಿ ಇನ್ನೊಂದಕ್ಕೆ ಕೈ ಹಾಕಿದೆ. ಹನಿ ಲೆಕ್ಕದ ಪ್ರಯೋಗ. ಟೆಸ್ಟ್ ಟ್ಯೂಬಿಗೆ ಐದು ಮಿಲಿ ಸುರಿಯುವ ಬದಲು ಹತ್ತು ಹನಿ, ಅಂದರೆ ಹೆಚ್ಚುಕಡಿಮೆ ಅರ್ಧ ಮಿಲಿ. ಒಂದು ವರ್ಷಕ್ಕೂ ಸಾಲದ ಆಸಿಡ್ ಬಾಟಲಿ ಈಗ ಮೂರನೇ ವರ್ಷಕ್ಕೆ ಬಂದಿದೆ. ಚೆಲ್ಲಿದರೂ ಒರೆಸುವಷ್ಟೇ. ಮೊದಲ ಸಲ ಕೆಟ್ಟಿತು. ಡ್ರಾಪರ್ ಬಾಟಲಿಗಳ ಮುಚ್ಚಳ ಅದಲುಬದಲಾಗಿ ಸಿಲ್ವರ್ ನೈಟ್ರೇಟ್ ಪೂರ್ತಿ ಹಾಲಿನಂತೆ ಬೆಳ್ಳಗಾಗಿ ಕೆಟ್ಟುಹೋಯಿತು. ಅದು ಬಲು ದುಬಾರಿ, ಹೊಟ್ಟೆ ಉರಿದುಹೋಯಿತು. ಈಗ ಬಾಟಲಿಗೂ ಮುಚ್ಚಳಕ್ಕೂ ಒಂದೇ ಬಣ್ಣದ ಟೇಪು.

ಇನ್ನೊಂದು ತಮಾಷೆ. ಕಾಸ್ಟಿಕ್ ಸೋಡಾ ಪ್ರಾಕ್ಟಿಕಲ್ ಮುಗಿದ ಮೇಲೆ ಒಂದು ಸಲ, ಕ್ಷಾರ ತಾಗಿದರೆ ಕೆಂಪಾಗುವ ಒದ್ದೆ ಅರಿಶಿನ ಕಾಗದದಿಂದ ಅಲ್ಲಲ್ಲಿ ಒರೆಸಿ ನೋಡಿದೆ. ಟೇಬಲ್ ಕೆಂಪಾಗಿದ್ದು ಸರಿ. ನಲ್ಲಿ ಕೆಂಪು, ಬಾಗಿಲ ಚಿಲಕ ಕೆಂಪು, ಪೆನ್ನುಗಳು ಕೆಂಪು. ಆ ಪೆನ್ನನ್ನೇ ಅರ್ಧ ಕ್ಲಾಸು ಬಾಯಲ್ಲಿ ಕಚ್ಚಿಕೊಂಡಿರುತ್ತೆ. ಎಲ್ಲರ ಕೈ ತೊಳೆಸಿ ಮತ್ತೆ ನೋಡಿದೆ, ಕೈಗಳೂ ಕೆಂಪು! ಗಾಬರಿಯಾಗಿ ಎರಡು ಸಲ ತೊಳೆಸಿದೆ. ಸೋಪೂ ಕ್ಷಾರವೇ ಎನ್ನುವುದು ಹೊಳೆಯಲು ನನಗೆ ಐದು ನಿಮಿಷ ಬೇಕಾಯಿತು. ಅಂದಿನಿಂದ ಲ್ಯಾಬಿಗೆ ಬೇರೆ ಪೆನ್ಸಿಲ್ ಡಬ್ಬಿ ಇಟ್ಟಿದ್ದೇನೆ, ಅವು ಹೊರಗೆ ಹೋಗುವುದಿಲ್ಲ.

ಮೂರು ವರ್ಷದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಂಥದ್ದು ಒಂದೂ ಆಗಿಲ್ಲ. ಗಾಜು ಒಡೆಯುವುದು ಅರ್ಧಕ್ಕಿಂತ ಕಡಿಮೆಯಾಗಿದೆ. ಸಾಲುಗಳು ಮಾತ್ರ ಕಡಿಮೆಯಾಗಿಲ್ಲ, ಈಗ ಸಣ್ಣಸಣ್ಣದನ್ನೂ ಬರೆಯುತ್ತಾರೆ. ಹೋದ ವಾರದ ಕೊನೆಯ ಸಾಲು ಹೀಗಿತ್ತು: “ಸಾಮಾನು ಕೋಣೆಯಲ್ಲಿ ಮಿಸ್ ಗಾಗಲ್ಸ್ ಹಾಕ್ಕೊಳ್ಳದೆ ಆಸಿಡ್ ಸುರೀತಿದ್ರು.” ಯಾರು ಬರೆದದ್ದು ಎಂದು ಕೇಳುವಂತಿಲ್ಲವಲ್ಲ. ಒಳಗಿನ ಬಾಗಿಲಿಗೂ ಒಂದು ಮೊಳೆ ಹೊಡೆದು ನನ್ನ ಗಾಗಲ್ಸ್ ನೇತುಹಾಕಿದೆ.