ವೈರ್‌ಲೆಸ್ ಮೌಸ್‌ಗೆ ಕೈ ಪಳಗಿಸುವ ಬಗೆ

ವರ್ಷಗಟ್ಟಲೆ ಟಚ್‌ಪ್ಯಾಡ್ ಮೇಲೆಯೇ ಬೆರಳಾಡಿಸಿದವರಿಗೆ ವೈರ್‌ಲೆಸ್ ಮೌಸ್ ಮೊದಲಿಗೆ ಕಿರಿಕಿರಿ ಉಂಟುಮಾಡುವುದು ಸಹಜ. ಕರ್ಸರ್ ಗುರಿಯನ್ನು ದಾಟಿ ಓಡುತ್ತದೆ, ಪುಟ ಬೇಡದ ದಿಕ್ಕಿಗೆ ಸರಿಯುತ್ತದೆ, ಮಣಿಕಟ್ಟು ನೋಯುತ್ತದೆ. ಇದಕ್ಕೆ ಕೈಯ ಹಳೆಯ ರೂಢಿ ಒಂದಿಷ್ಟು ಕಾರಣವಾದರೂ, ದೊಡ್ಡ ಪಾಲು ಲ್ಯಾಪ್‌ಟಾಪಿನೊಳಗಿನ ಸೆಟ್ಟಿಂಗ್ಸ್ ಮತ್ತು ಮೌಸ್ ಇಟ್ಟುಕೊಂಡ ಜಾಗದ್ದು. ಅವೆರಡನ್ನು ಸರಿಪಡಿಸಿದ ಮೇಲೆ ಅಭ್ಯಾಸಕ್ಕೆ ಕೂರುವುದು ಒಳ್ಳೆಯದು.

ಮೊದಲು ಮೌಸ್ ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಒಂದು ಬಗೆಯದು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಮೂಲಕ ಕೆಲಸ ಮಾಡುತ್ತದೆ. ಇನ್ನೊಂದು ನೇರವಾಗಿ ಬ್ಲೂಟೂತ್‌ಗೆ ಸೇರುತ್ತದೆ. ರಿಸೀವರ್ ಪೆಟ್ಟಿಗೆಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ, ಅನೇಕ ಮೌಸ್‌ಗಳಲ್ಲಿ ಅದನ್ನು ಬ್ಯಾಟರಿ ಮುಚ್ಚಳದ ಒಳಗೇ ಇಟ್ಟಿರುತ್ತಾರೆ. ಬ್ಲೂಟೂತ್ ಮೌಸ್ ಆದರೆ ತಳದಲ್ಲಿರುವ ಜೋಡಣೆಯ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದು, ಲ್ಯಾಪ್‌ಟಾಪಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಸಾಧನವಾಗಿ ಸೇರಿಸಿಕೊಳ್ಳಬೇಕು. ಎರಡಕ್ಕೂ ತಳದ ಸ್ವಿಚ್ ಆನ್ ಆಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಮರೆಯುವವರೇ ಹೆಚ್ಚು.

ಕರ್ಸರ್ ತಡೆತಡೆದು ಚಲಿಸುತ್ತಿದ್ದರೆ ಕೈಯನ್ನು ದೂರುವ ಮುನ್ನ ರಿಸೀವರ್ ಇರುವ ಜಾಗವನ್ನು ಗಮನಿಸಿ. ಈ ರಿಸೀವರ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಆವರ್ತನದ ಪಟ್ಟಿಯನ್ನು ಬಳಸುತ್ತವೆ. ಯುಎಸ್‌ಬಿ 3.0 ಕಿಂಡಿಗೆ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್ ಜೋಡಿಸಿ ಕಡತಗಳನ್ನು ಸಾಗಿಸುವಾಗ ಹೊಮ್ಮುವ ವಿದ್ಯುತ್ ಗದ್ದಲವೂ ಇದೇ ಪಟ್ಟಿಯಲ್ಲಿ ಬೀಳುವುದರಿಂದ, ಪಕ್ಕದಲ್ಲೇ ಇರುವ ರಿಸೀವರ್‌ಗೆ ಮೌಸ್‌ನ ಸಂಕೇತ ಸರಿಯಾಗಿ ತಲುಪುವುದಿಲ್ಲ. ರಿಸೀವರನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಬದಲಿಸುವುದು ಅಥವಾ ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೌಸ್ ಹತ್ತಿರಕ್ಕೆ ತರುವುದು ಇದಕ್ಕಿರುವ ಸರಳ ಪರಿಹಾರ. ಗಾಜಿನ ಮೇಜು ಮತ್ತು ಕನ್ನಡಿಯಂತೆ ಹೊಳೆಯುವ ಮೇಲ್ಮೈಗಳ ಮೇಲೂ ಸಾಮಾನ್ಯ ಆಪ್ಟಿಕಲ್ ಸೆನ್ಸರ್ ತಡವರಿಸುತ್ತದೆ. ಅಲ್ಲಿ ಒಂದು ಮೌಸ್ ಪ್ಯಾಡ್ ಬೇಕು.

ಇನ್ನು ಮುಖ್ಯವಾದ ವಿಷಯ, ಕರ್ಸರ್‌ನ ವೇಗ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಮೌಸ್ ವಿಭಾಗಕ್ಕೆ ಹೋದರೆ ಪಾಯಿಂಟರ್ ಸ್ಪೀಡ್ ಸಿಗುತ್ತದೆ. ಮ್ಯಾಕ್‌ನಲ್ಲಿ ಅದನ್ನು ಟ್ರ್ಯಾಕಿಂಗ್ ಸ್ಪೀಡ್ ಎನ್ನುತ್ತಾರೆ. ಮುಂದೋಳನ್ನು ಮೇಜಿನ ಮೇಲೆ ಒರಗಿಸಿ, ಕೈಯನ್ನು ಸಲೀಸಾಗಿ ಒಮ್ಮೆ ಸರಿಸಿದರೆ ಕರ್ಸರ್ ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಲುಪುವಷ್ಟು ವೇಗ ಸಾಕು. ಅದಕ್ಕಿಂತ ಹೆಚ್ಚಾದರೆ ಸಣ್ಣ ಗುಂಡಿಗಳ ಮೇಲೆ ನಿಲ್ಲಿಸುವುದು ಕಷ್ಟ. ವಿಂಡೋಸ್‌ನಲ್ಲಿ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬ ಇನ್ನೊಂದು ಆಯ್ಕೆಯಿದೆ. ಅದು ಆನ್ ಆಗಿದ್ದಾಗ, ಕೈ ಅಷ್ಟೇ ದೂರ ಸರಿದರೂ ರಭಸವಾಗಿ ಸರಿದಾಗ ಕರ್ಸರ್ ಹೆಚ್ಚು ದೂರ ಹೋಗುತ್ತದೆ. ಕಲಿಯುವ ದಿನಗಳಲ್ಲಿ ಇದನ್ನು ಆಫ್ ಮಾಡುವುದೇ ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ಆಗ ಕೈ ಸರಿದ ಅಳತೆಗೂ ಕರ್ಸರ್ ಸರಿದ ಅಳತೆಗೂ ಒಂದೇ ಲೆಕ್ಕ ಇರುತ್ತದೆ. ವೇಗವನ್ನು ಒಮ್ಮೆ ಹೊಂದಿಸಿದ ಮೇಲೆ ಕೆಲವು ದಿನ ಅದರ ತಂಟೆಗೆ ಹೋಗಬಾರದು. ದಿನಕ್ಕೊಂದು ವೇಗ ಇಟ್ಟರೆ ಕೈಗೆ ಯಾವುದೂ ರೂಢಿಯಾಗುವುದಿಲ್ಲ.

ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳುಗಳನ್ನು ಮೇಲಕ್ಕೆ ಸರಿಸಿದರೆ ಪುಟವೂ ಮೇಲಕ್ಕೆ ಹೋಗುವ ವ್ಯವಸ್ಥೆ ಈಗ ಸಾಮಾನ್ಯವಾಗಿದ್ದು, ವಿಂಡೋಸ್‌ನಲ್ಲಿ ಮೌಸ್ ಚಕ್ರದ ರೂಢಿ ಇದಕ್ಕೆ ತದ್ವಿರುದ್ಧ. ಗೊಂದಲವೆನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್‌ನ ಸ್ಕ್ರಾಲ್ ದಿಕ್ಕನ್ನೇ ಬದಲಿಸಿ ಎರಡನ್ನೂ ಒಂದಾಗಿಸಬಹುದು. ಟೈಪ್ ಮಾಡುವಾಗ ಅಂಗೈ ತಾಗಿ ಕರ್ಸರ್ ಎಲ್ಲೆಲ್ಲಿಗೋ ಹಾರುತ್ತಿದ್ದರೆ, ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ತಾನಾಗಿ ನಿಷ್ಕ್ರಿಯವಾಗುವ ಆಯ್ಕೆ ವಿಂಡೋಸ್‌ನ ಟಚ್‌ಪ್ಯಾಡ್ ವಿಭಾಗದಲ್ಲೂ ಮ್ಯಾಕ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲೂ ಇದೆ. ಕಷ್ಟವಾದ ಕೂಡಲೇ ಬೆರಳು ಹಳೆಯ ಜಾಗಕ್ಕೆ ಓಡುವುದನ್ನೂ ಇದು ತಪ್ಪಿಸುತ್ತದೆ.

ಕೈಯ ಸರದಿ ಈಗ. ಮೌಸನ್ನು ಲ್ಯಾಪ್‌ಟಾಪಿನ ಪಕ್ಕದಲ್ಲೇ, ಕೀಬೋರ್ಡ್ ಇರುವ ಎತ್ತರದಲ್ಲಿ ಇಟ್ಟುಕೊಳ್ಳಬೇಕು. ತೋಳನ್ನು ದೂರ ಚಾಚಿದರೆ ಭುಜ ನೋಯುತ್ತದೆ. ಬಿಗಿಯಾಗಿ ಹಿಡಿಯದೆ ಅಂಗೈಯನ್ನು ಮೌಸ್ ಮೇಲೆ ಹಗುರವಾಗಿ ಇರಿಸಿ, ದೂರದ ಚಲನೆಗೆ ಮಣಿಕಟ್ಟನ್ನು ತಿರುಚುವ ಬದಲು ಮೊಣಕೈಯಿಂದ ತೋಳನ್ನೇ ಸರಿಸಬೇಕು. ಮೌಸ್ ಮೇಜಿನ ಅಂಚಿಗೆ ಬಂದುಬಿಟ್ಟರೆ ಅದನ್ನು ತುಸು ಮೇಲೆತ್ತಿ ಹಿಂದಕ್ಕೆ ತಂದಿಡಿ. ಎತ್ತಿದಾಗ ಕರ್ಸರ್ ಇದ್ದಲ್ಲೇ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಮೇಜಿನ ಮೇಲಿನ ಸಾಮಾನುಗಳನ್ನೆಲ್ಲ ಸರಿಸಿ ಜಾಗ ಮಾಡಿಕೊಳ್ಳುವವರಿದ್ದಾರೆ. ಎಡಗೈ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಎಡ ಮತ್ತು ಬಲ ಗುಂಡಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು.

ಅಭ್ಯಾಸಕ್ಕೆ ಬೇರೆ ಆಟ ಬೇಕಿಲ್ಲ. ಒಂದು ಪ್ಯಾರಾವನ್ನು ಎಳೆದು ಆಯ್ಕೆ ಮಾಡುವುದು, ಕಡತಗಳನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸುವುದು ಮುಂತಾದ ದಿನನಿತ್ಯದ ಕೆಲಸಗಳೇ ಸಾಕು. ಬ್ರೌಸರ್‌ನಲ್ಲಿ ಕೊಂಡಿಯ ಮೇಲೆ ಚಕ್ರವನ್ನೇ ಒತ್ತಿದರೆ ಅದು ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಕೀಲಿ ಹಿಡಿದು ಚಕ್ರ ತಿರುಗಿಸಿದರೆ ಪುಟದ ಅಕ್ಷರಗಳು ದೊಡ್ಡದು ಚಿಕ್ಕದು ಆಗುತ್ತವೆ.

ಸ್ವಲ್ಪ ಹೊತ್ತು ಮುಟ್ಟದಿದ್ದರೆ ಬ್ಯಾಟರಿ ಉಳಿಸಲು ಮೌಸ್ ನಿದ್ರಾವಸ್ಥೆಗೆ ಹೋಗುತ್ತದೆ; ಒಂದು ಗುಂಡಿ ಒತ್ತಿದರೆ ಎಚ್ಚರಗೊಳ್ಳುತ್ತದೆ. ಚೀಲದಲ್ಲಿ ಇಡುವಾಗ ಮಾತ್ರ ಸ್ವಿಚ್ ಆಫ್ ಮಾಡಿ, ರಿಸೀವರನ್ನು ಕಿತ್ತು ಅದರ ಗೂಡಿಗೇ ಸೇರಿಸಬೇಕು.