ಕೊಳದ ಪಂಪು ಆರಿಸುವಾಗ ನಾನು ಹಾಕುವ ಲೆಕ್ಕ

ಪಂಪಿನ ಡಬ್ಬಿಯ ಮೇಲೆ ಎರಡು ಅಂಕಿ ದಪ್ಪಕ್ಷರದಲ್ಲಿ ಇರುತ್ತವೆ: ಗಂಟೆಗೆ ಎಷ್ಟು ಲೀಟರು, ಎಷ್ಟು ಮೀಟರು ಎತ್ತರ. 'ಗಂಟೆಗೆ 5000 ಲೀಟರು, 3 ಮೀಟರು' ಎಂದಿದ್ದರೆ 3 ಮೀಟರು ಮೇಲಕ್ಕೆ ಗಂಟೆಗೆ 5000 ಲೀಟರು ಏರಿಸುತ್ತದೆ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. 5000 ಬರುವುದು ಪೈಪು ಜೋಡಿಸದೆ, ನೀರನ್ನು ಒಂದಿಂಚೂ ಮೇಲೆತ್ತದೆ ಬಿಟ್ಟಾಗ. 3 ಮೀಟರಿನಲ್ಲಿ ನೀರು ಪೈಪಿನ ಬಾಯಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ, ಹೊರಗೆ ಬೀಳುವುದಿಲ್ಲ. ನಮ್ಮ ಕೊಳಕ್ಕೆ ಸಿಗುವುದು ಈ ಎರಡರ ನಡುವಿನ ಯಾವುದೋ ಒಂದು ಅಂಕಿ. ಅದು ಯಾವುದೆಂದು ಕಂಡುಕೊಳ್ಳದೆ ನಾನು ಪಂಪು ಕೊಳ್ಳುವುದಿಲ್ಲ.

ಮೊದಲು ಕೊಳದ ಅಳತೆ. ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಮೀಟರಿನಲ್ಲಿ ಗುಣಿಸಿ, 1000ದಿಂದ ಗುಣಿಸಿದರೆ ಲೀಟರು. ಅಂಚು ಅಂಕುಡೊಂಕಾಗಿದ್ದರೆ ಬಂದದ್ದನ್ನು 0.8ರಿಂದ ಗುಣಿಸುತ್ತೇನೆ. 3 ಮೀಟರು ಉದ್ದ, 2 ಮೀಟರು ಅಗಲ, ಸರಾಸರಿ 60 ಸೆಂಟಿಮೀಟರು ಆಳದ ಕೊಳ ಲೆಕ್ಕಕ್ಕೆ 3600 ಲೀಟರು. ಅಂಚಿನ ಸೊಟ್ಟ ಕಳೆದರೆ ಸುಮಾರು 2900. ಗೋಲ್ಡ್‌ಫಿಶ್‌ನಂಥ ಮೀನುಗಳು ಹದವಾಗಿ ಇರುವ ಕೊಳದಲ್ಲಿ ಎರಡು ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರಿನ ಮೂಲಕ ಹಾದುಬಂದರೆ ಸಾಕು. ಅಂದರೆ ಗಂಟೆಗೆ 1450 ಲೀಟರು. ಕೊಯಿ ಮೀನಿಗೆ ಗಂಟೆಗೊಮ್ಮೆ ಬೇಕು, ಅವು ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಬರೀ ತಾವರೆ, ನೈದಿಲೆ ಇದ್ದರೆ ಇನ್ನೂ ಕಡಿಮೆ ಹರಿವು ಸಾಕು. ನೈದಿಲೆಗಂತೂ ಅಲುಗಾಡುವ ನೀರೇ ಆಗಿಬರುವುದಿಲ್ಲ.

ಪುಟ್ಟ ಜಲಪಾತ ಬೇಕೆಂದಾಗ ಲೆಕ್ಕ ಪೂರಾ ಬದಲಾಗುತ್ತದೆ. ನೀರು ಧುಮುಕುವ ಕಲ್ಲಿನ ಅಂಚು ಎಷ್ಟು ಸೆಂಟಿಮೀಟರು ಅಗಲವಿದೆಯೋ ಒಂದೊಂದಕ್ಕೆ ಗಂಟೆಗೆ 150 ಲೀಟರು ಹಿಡಿಯಿರಿ. 20 ಸೆಂಟಿಮೀಟರಿಗೆ 3000 ಲೀಟರು. ಇದರ ಅರ್ಧ ಕೊಟ್ಟರೆ ನೀರು ಪರದೆಯಂತೆ ಬೀಳದೆ ಕಲ್ಲಿಗಂಟಿಕೊಂಡು ಜಾರುತ್ತದೆ. ಫಿಲ್ಟರಿಗೆ 1450, ಜಲಪಾತಕ್ಕೆ 3000 ಬೇಕಾದಾಗ ದೊಡ್ಡದನ್ನೇ ಹಿಡಿಯುವುದು ನನ್ನ ರೂಢಿ. ಆದರೆ ಫಿಲ್ಟರು ಅಷ್ಟು ಹರಿವು ತಡೆಯುವಂಥದ್ದಾ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪೈಪಿಗೆ ಟೀ (T ಆಕಾರದ ಕವಲು ಜಾಯಿಂಟು) ಹಾಕಿ ಹೆಚ್ಚಿನ ನೀರನ್ನು ಜಲಪಾತಕ್ಕೆ ನೇರ ಬಿಡಬೇಕು.

ಇನ್ನು ಎತ್ತರ, ಅಂದರೆ ಹೆಡ್. ಅಳೆಯಬೇಕಾದ್ದು ಕೊಳದ ನೀರಿನ ಮಟ್ಟದಿಂದ ಪೈಪಿನ ಬಾಯಿಯವರೆಗೆ. ಪಂಪು ಎಷ್ಟು ಆಳದಲ್ಲಿ ಕೂತಿದೆ ಎನ್ನುವುದು ಲೆಕ್ಕಕ್ಕೆ ಬಾರದು, ಪೈಪಿನೊಳಗಿನ ನೀರನ್ನು ಆ ಆಳದವರೆಗೆ ಕೊಳದ ನೀರೇ ತಳ್ಳಿ ಹಿಡಿದಿರುತ್ತದೆ. ನಮ್ಮ ಉದಾಹರಣೆಯಲ್ಲಿ ಇದು 1.2 ಮೀಟರು ಎಂದುಕೊಳ್ಳಿ.

ಇದಕ್ಕೆ ಪೈಪಿನ ತಿಕ್ಕಾಟ ಸೇರಿಸಬೇಕು. ಬಹಳ ಜನ ಪಂಪಿಗೆ ದುಡ್ಡು ಸುರಿದು ಪೈಪಿನಲ್ಲಿ ಉಳಿಸಲು ಹೋಗುವುದು ಇಲ್ಲೇ. ಗಂಟೆಗೆ 3000 ಲೀಟರನ್ನು 4 ಮೀಟರು ಉದ್ದದ, ಒಳಗೆ ನುಣುಪಾದ ಪೈಪಿನಲ್ಲಿ ಕಳಿಸಿದರೆ ಏನಾಗುತ್ತದೆ ನೋಡಿ. ಒಳವ್ಯಾಸ 32 ಮಿಲಿಮೀಟರು ಇದ್ದರೆ ತಿಕ್ಕಾಟಕ್ಕೆ ಹೋಗುವುದು ಹೆಚ್ಚುಕಮ್ಮಿ 0.2 ಮೀಟರು ಹೆಡ್. 25 ಮಿಲಿಮೀಟರಾದರೆ 0.6. 19 ಮಿಲಿಮೀಟರಿನ, ಗಿಡಕ್ಕೆ ನೀರು ಬಿಡುವ ಪೈಪು ಸಿಕ್ಕಿಸಿದರೆ 2 ಮೀಟರಿಗೂ ಮೇಲೆ. ನೀರು ಏರಬೇಕಾದ ಎತ್ತರಕ್ಕಿಂತ ತಿಕ್ಕಾಟವೇ ಹೆಚ್ಚಾಯಿತು! ಸುರುಳಿಗೆರೆಯ ಪೈಪು ನುಣುಪು ಪೈಪಿಗಿಂತ ಇನ್ನಷ್ಟು ನುಂಗುತ್ತದೆ. ಎಲ್ಬೋ (ಥಟ್ಟನೆ ತಿರುಗುವ ಮೂಲೆ ಜಾಯಿಂಟು) ಬದಲು ಪೈಪನ್ನೇ ದೊಡ್ಡ ಬಳಸಿನಲ್ಲಿ ಬಾಗಿಸುವುದು ಮೇಲು. ಪಂಪಿನ ಬಾಯಿಗೆ ಮೆಟ್ಟಿಲು ಮೆಟ್ಟಿಲಾದ ನಾಜಲ್ ಬರುತ್ತದಲ್ಲ, ದಪ್ಪ ಪೈಪು ಹಾಕುವಾಗ ಅದರ ತುದಿಯ ಸಣ್ಣ ಮೆಟ್ಟಿಲುಗಳನ್ನು ಗರಗಸದಿಂದ ಕೊಯ್ದು ತೆಗೆಯಿರಿ. ಪೈಪು ದಪ್ಪವಿದ್ದೂ ನೀರು ಆ ಕಿರಿದಾದ ತುದಿಯಿಂದಲೇ ನುಸುಳುತ್ತಿದ್ದರೆ ಏನು ಬಂತು?

32ರ ಪೈಪು ಹಿಡಿದು, ಪೈಪಿನ ತಿರುವುಗಳಿಗೆ 0.1 ಸೇರಿಸಿದರೆ ಒಟ್ಟು ಹೆಡ್ 1.5 ಮೀಟರು. ಈಗ ಪಂಪಿನ ಜೊತೆ ಬರುವ, ಎಷ್ಟು ಹೆಡ್‌ಗೆ ಎಷ್ಟು ಹರಿವು ಎಂದು ತೋರಿಸುವ ಗ್ರಾಫಿನಲ್ಲಿ 1.5ರ ಎದುರು 3000 ಅಥವಾ ತುಸು ಹೆಚ್ಚು ಕೊಡುವ ಮಾದರಿ ಯಾವುದೆಂದು ಹುಡುಕುವುದು. ಸಾಮಾನ್ಯವಾಗಿ 5000–6000 ಲೀಟರು ಎಂದು ಬರೆದ ಪಂಪು ಈ ಕೆಲಸಕ್ಕೆ ಬರುತ್ತದೆ. ಗ್ರಾಫೇ ಇಲ್ಲದ ಪಂಪನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ. ಅಂಕಿ ಗ್ಯಾಲನ್‌ನಲ್ಲಿದ್ದರೆ ಅಮೆರಿಕದ್ದು 3.785 ಲೀಟರು, ಬ್ರಿಟಿಷರದ್ದು 4.546. ಹಾಗೆಯೇ 60 ಹರ್ಟ್ಸ್‌ಗೆ ಕೊಟ್ಟ ಅಂಕಿ ನಮ್ಮ ಕರೆಂಟಿನ 50 ಹರ್ಟ್ಸ್‌ನಲ್ಲಿ ಬರುವುದಿಲ್ಲ: ಹರಿವು ಆರನೇ ಒಂದು ಪಾಲು ಇಳಿಯುತ್ತದೆ, ಹೆಡ್ ಸುಮಾರು ಶೇ 30 ಇಳಿಯುತ್ತದೆ.

ಒಂದೇ ಹರಿವು ಕೊಡುವ ಎರಡು ಪಂಪು ಸಿಕ್ಕಿದರೆ ವ್ಯಾಟ್ ನೋಡಿ. ಕೊಳದ ಪಂಪು ಹಗಲೂ ರಾತ್ರಿ ಓಡಬೇಕಾದ್ದು. 60 ವ್ಯಾಟಿನದು ತಿಂಗಳಿಗೆ 43 ಯೂನಿಟ್ ಎಳೆದರೆ 150 ವ್ಯಾಟಿನದು 108 ಎಳೆಯುತ್ತದೆ. ರಾತ್ರಿ ಆಫ್ ಮಾಡಿ ಉಳಿಸೋಣವೆಂದರೆ, ಗಿಡಗಳೂ ಪಾಚಿಯೂ ಆಮ್ಲಜನಕ ಬಿಡದೆ ಬರೀ ಎಳೆದುಕೊಳ್ಳುವ ಹೊತ್ತು ಅದೇ. ನೀರು ನಿಂತರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಉಸಿರುಕಟ್ಟಿ ಸಾಯತೊಡಗುತ್ತವೆ.

ಮಳೆನೀರು ಹೊರಹಾಕುವ ಸಂಪ್ ಪಂಪನ್ನು ಕೊಳಕ್ಕೆ ಇಳಿಸಬೇಡಿ. ಆಗಾಗ ಓಡಿ ನಿಲ್ಲಲು ಮಾಡಿದ ಮೋಟರು ಅದು, ವ್ಯಾಟೂ ವಿಪರೀತ. ಒಳಗೆ ಎಣ್ಣೆ ತುಂಬಿದ ಪಂಪೂ ಬೇಡ, ಸೀಲು ಹೋದ ದಿನ ಎಣ್ಣೆಯೆಲ್ಲ ಮೀನಿನ ನೀರಿಗೆ. ಫಿಲ್ಟರಿಗಾದರೆ 6–8 ಮಿಲಿಮೀಟರಿನ ಕಸವನ್ನೂ ದಾಟಿಸುವ ಜಾಲರಿಯ ಪಂಪು ಬೇಕು. ಕಾರಂಜಿಗಾದರೆ ಸ್ಪಂಜು ಇರುವಂಥದ್ದು, ಇಲ್ಲದಿದ್ದರೆ ನಾಜಲಿನ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ.

ಪಂಪನ್ನು ಕೆಸರಿನ ಮೇಲೆ ಕೂರಿಸದೆ ಒಂದೆರಡು ಇಟ್ಟಿಗೆಯ ಮೇಲಿಡಿ, ಜಲಪಾತ ಬೀಳುವ ಕಡೆಯಿಂದ ಆದಷ್ಟು ದೂರದಲ್ಲಿ. ಪೈಪೆಲ್ಲಾದರೂ ಬಿಚ್ಚಿಕೊಂಡರೆ ಇಟ್ಟಿಗೆಯ ಎತ್ತರದಷ್ಟು ನೀರಾದರೂ ಮೀನಿಗೆ ಉಳಿಯುತ್ತದೆ. ಆದರೆ ಹಾಗೆ ಖಾಲಿಯಾದಾಗ ಪಂಪು ಒಣಗಿ ಓಡಬಾರದು: ಒಳಗಿನ ಶಾಫ್ಟಿಗೂ ಬೇರಿಂಗಿಗೂ ನೀರೇ ಗ್ರೀಸು, ಅದಿಲ್ಲದೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ನೀರು ಇಳಿದೊಡನೆ ಪಂಪು ಆಫ್ ಮಾಡುವ ಫ್ಲೋಟ್ ಸ್ವಿಚ್ ಹಾಕಿದರೆ ಆ ಚಿಂತೆಯಿಲ್ಲ. ಹರಿವು ಜಾಸ್ತಿಯೆನಿಸಿದರೆ ವಾಲ್ವು ಹಾಕಬೇಕಾದ್ದು ನೀರು ಹೊರಬರುವ ಕಡೆಗೆ. ಎಳೆಯುವ ಕಡೆ ಬಿಗಿದರೆ ಇಂಪೆಲರ್ (ಒಳಗೆ ತಿರುಗಿ ನೀರು ತಳ್ಳುವ ಚಕ್ರ) ಗರಗರ ಸದ್ದು ಮಾಡುತ್ತಾ ಸವೆಯುತ್ತದೆ. ವೈರಿಗೆ ನೀರಿನೊಳಗೆ ಜಾಯಿಂಟು ಇರಕೂಡದು, ಲೈನಿಗೆ, ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು, ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಬೇಕು. ಪಂಪನ್ನು ವೈರು ಹಿಡಿದು ಮೇಲೆತ್ತಬೇಡಿ.

ಕೂರಿಸಿದ ಮೇಲೆ ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ಸೆಕೆಂಡು ಎಣಿಸುತ್ತೇನೆ. 24 ಸೆಕೆಂಡಿಗೆ ತುಂಬಿದರೆ ಗಂಟೆಗೆ 3000. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದೇ ಬಕೆಟ್ ತುಂಬಲು 35 ಸೆಕೆಂಡು ಹಿಡಿದರೆ ಪಂಪು ಹಳೆಯದಾಯಿತೆಂದು ಎಸೆಯಬೇಕಿಲ್ಲ. ಮೊದಲು ಜಾಲರಿ ತೊಳೆಯಿರಿ. ಆಮೇಲೆ ಮುಚ್ಚಳ ತಿರುಗಿಸಿ ಇಂಪೆಲರನ್ನು ನೇರವಾಗಿ ಎಳೆಯಿರಿ. ಓರೆ ಎಳೆದರೆ ಸೆರಾಮಿಕ್ ಶಾಫ್ಟು ಮುರಿಯುತ್ತದೆ. ಗಡಸು ನೀರಾದರೆ ಇಂಪೆಲರಿಗೆ ಅಂಟಿಕೊಂಡಿರುವ ಮ್ಯಾಗ್ನೆಟ್ಟಿನ ಸುತ್ತ ಬಿಳಿ ಸುಣ್ಣ ಕಟ್ಟಿರುತ್ತದೆ. ಅದನ್ನು ವಿನಿಗರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಚೆನ್ನಾಗಿ ತೊಳೆದು ವಾಪಸ್ ಸೇರಿಸಿ. ಬೆರಳಿನಿಂದ ತಿರುಗಿಸಿದಾಗ ಮ್ಯಾಗ್ನೆಟ್ ತಡೆತಡೆದು ತಿರುಗುವುದು ಸಹಜ. ಎಲ್ಲಾದರೂ ಗೀಚಿದಂತೆ ತಾಗಿದರೆ ಸುಣ್ಣ ಇನ್ನೂ ಉಳಿದಿದೆ.